ನಡಿಗೆಯ ವೇಗ

ಹೊಸಕೋಟೆಯ ಗೋದಾಮಿನಲ್ಲಿ ನನ್ನಷ್ಟು ಚುರುಕಾಗಿ ಫೋರ್ಕ್‌ಲಿಫ್ಟ್ ಓಡಿಸೋನು ಇನ್ನೊಬ್ಬನಿಲ್ಲ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನೇ ಕೆರೆ ಏರಿ ಮೇಲೆ ರಿವರ್ಸ್ ಓಡಿಸಿ ಬೆಳೆದವನು ನಾನು. ಈ ವರ್ಷ ಸಂಬಳ ಏರಿಸುವ ಬದಲು ಮ್ಯಾನೇಜರ್ ಚಪ್ಪಾಳೆ ಹೊಡೆಸಿ, ನನ್ನದೇ ಫೋಟೋ ಹಾಕಿಸಿದ ಟೀ ಕಪ್ ಕೊಟ್ಟರು. ಮೈಯೆಲ್ಲ ಉರಿದುಹೋಯ್ತು. ಮರುದಿನ ಗೋಡೆಯ ಮೇಲೆ ಬರೆದ ನಿಯಮದಂತೆ ನಡಿಗೆಯ ವೇಗದಲ್ಲೇ ಗಾಡಿ ಓಡಿಸಿದೆ. ಮಧ್ಯಾಹ್ನಕ್ಕೆ ಲಾರಿಗಳು ಗೇಟಿನಾಚೆ ಸಾಲುಗಟ್ಟಿದವು.

"ಏನಪ್ಪಾ, ಗಾಡಿ ಕೆಟ್ಟಿದೆಯಾ?" ಮ್ಯಾನೇಜರ್ ಓಡಿ ಬಂದರು.

"ಗಾಡಿ ಸರಿಯಾಗಿದೆ ಸಾರ್, ಗೋಡೆ ಮೇಲಿನ ನಿಯಮದಂತೆ ಓಡಿಸ್ತಿದ್ದೀನಿ. ನೀವು ಕೊಡೋ ಸಂಬಳಕ್ಕೆ ಇಷ್ಟೇ ಸ್ಪೀಡು. ಜೋರಾಗಿ ಹೋಗ್ಬೇಕಂದ್ರೆ ಸೀಟಲ್ಲಿ ಆ ಕಪ್ ಕೂರಿಸಿ!"

"ನಿಯಮ ಆಮೇಲೆ ನೋಡೋಣ ಕಣೋ."

"ಹಂಗಂತ ಬರೆದು ಸಹಿ ಹಾಕ್ಕೊಡಿ."

ಹಾಕಲಿಲ್ಲ. ಸಂಜೆ, ರೇಗಿದ್ದ ಲಾರಿ ಡ್ರೈವರ್‌ಗಳಿಗೆ ಮ್ಯಾನೇಜರೇ ಟೀ ಹಂಚುತ್ತಿದ್ದರು. ಲೋಟ ಸಾಲದೆ ನನ್ನ ಕಪ್ ಕೇಳಿದರು. ಕೊಟ್ಟೆ, ಅದಾದರೂ ಉಪಯೋಗಕ್ಕೆ ಬರಲಿ.