ಉಂಡೊ ಎಂದಳು ಅನ್ನೆಟ್

ಇಂಗ್ಲಿಷರ ನಾಡಿನ ಹೌನ್ಸ್ಲೋದಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಲ್ಲಿದ್ದ ಐರೀನ್ ಉಡುಪಿ ಕಡೆಯವಳು. ವಿಮಾನದ ಊಟ ತಯಾರಿಸುವ ಅಡುಗೆಮನೆಯಲ್ಲಿ ಅವಳಿಗೆ ಕೆಲಸ. ಮಗಳು ಅನ್ನೆಟ್‌ಗೆ ಹತ್ತು ವರ್ಷ, ಡೌನ್ ಸಿಂಡ್ರೋಮ್. ಮಾತು ಕಡಿಮೆ, ಬಂದಷ್ಟೂ ಮನೆಯ ಕೊಂಕಣಿ. ೧೯೯೮ರಲ್ಲಿ ಜೊತೆಯ ಮಕ್ಕಳೆಲ್ಲ ಮೊದಲ ಪರಮಪ್ರಸಾದಕ್ಕೆ ಸಿದ್ಧರಾದಾಗ ಇವಳನ್ನು ಮಾತ್ರ ಬಿಡುವ ಮಾತು ಬಂತು. ಪೂಜೆಯಲ್ಲಿಟ್ಟ ರೊಟ್ಟಿ ಯೇಸುವಿನ ದೇಹವೇ ಆಗುತ್ತದೆಂಬುದು ಅವರ ನಂಬಿಕೆ; ಆ ಪ್ರಸಾದಕ್ಕೂ ಬರೀ ರೊಟ್ಟಿಗೂ ವ್ಯತ್ಯಾಸ ತಿಳಿಯದ ಮಗುವಿಗೆ ಕೊಡುವುದು ಹೇಗೆ ಎಂದರಂತೆ ಚರ್ಚಿನವರು. ಧಾರವಾಡದ ಲಿಂಗಾಯತರವಳಾದ ನನಗೆ ಚರ್ಚಿನ ಉಸಾಬರಿ ಏಕೆ? ಆದರೂ ಮೈಯೆಲ್ಲ ಉರಿಯಿತು.

ಐರೀನ್ ಜಗಳಕ್ಕೆ ಹೋಗಲಿಲ್ಲ. ಚರ್ಚಿನ ಸಂಜೆ ಕ್ಲಾಸಿಗೆ ಸೇರಿದಳು. ಕ್ರೈಸ್ತರ ಆದಿಸಭೆಯ ಗುರುಗಳು ಜ್ಞಾನವನ್ನು ಹೇಗೆ ಅರಸಿದರು ಎಂಬ ಪಾಠ ಅಲ್ಲಿ. ಕೆಲಸದಿಂದ ದಣಿದು ಹೋಗಿ ತೂಕಡಿಸುತ್ತಿದ್ದವಳು ಒಂದು ದಿನ ನಮ್ಮ ಬಾಗಿಲನ್ನು ದಬದಬ ಬಡಿದಳು.

“ವಿಶಾಲಾಕ್ಷಿ ಅಕ್ಕ, ಗೊತ್ತುಂಟಾ? ಜ್ಞಾನ ಅಂದ್ರೆ ಅವರಿಗೆ ಒಬ್ಬಳು ಹೆಂಗಸಿನ ಹಾಗೆ. ಮನೆ ಕಟ್ಟಿ, ರೊಟ್ಟಿ, ದ್ರಾಕ್ಷಾರಸ ಎಲ್ಲ ಇಟ್ಟು ಊಟಕ್ಕೆ ಕರೀತಾಳೆ. ಯಾರನ್ನು? ಬುದ್ಧಿ ಸಾಲದವರನ್ನು! ಆ ಊಟವೇ ಪರಮಪ್ರಸಾದ ಅಂತ ಆ ಗುರುಗಳು ಹೇಳಿದ್ದಾರೆ ಮಾರಾಯ್ರೆ.”

“ಹಂಗಾದ್ರ ಇದನ್ನ ಫಾದರ್ ಮುಂದ ಹೇಳು ನಡಿ,” ಎಂದೆ. ಮರುದಿನ ತಾಯಿ ಮಗಳನ್ನು ನಾನೇ ಕಾರಿನಲ್ಲಿ ಕರೆದೊಯ್ದೆ.

ಫಾದರ್ ಎಲ್ಲ ಕೇಳಿ ತಲೆದೂಗಿದರು. ಆದರೂ ಅನ್ನೆಟ್ ಏನು ಹೇಳುತ್ತಾಳೋ ನೋಡೋಣ ಎಂದರು. ಧರ್ಮೋಪದೇಶದ ಮಿಸ್, ಮಕ್ಕಳ ಅಭ್ಯಾಸಕ್ಕೆಂದು ಇಟ್ಟಿದ್ದ ತೆಳು ಬಿಳಿ ರೊಟ್ಟಿ ಹಿಡಿದು, ಇದೇನು ಎಂದು ಕೇಳಿದರು.

“ಉಂಡೊ,” ಎಂದಳು ಅನ್ನೆಟ್.

ಮಿಸ್, ಪಾಪ, ಬಗ್ಗಿ ಅವಳ ಕೋಟಿನ ಗುಂಡಿ ಬಿಚ್ಚತೊಡಗಿದರು! ಅವರು ಯಾರ್ಕ್‌ಶೈರ್ ಕಡೆಯವರು. ಬಿಚ್ಚು ಎನ್ನುವ ಇಂಗ್ಲಿಷ್ ಮಾತು ‘ಅನ್‌ಡೂ’ ಅವರೂರಿನವರ ಬಾಯಲ್ಲಿ ‘ಉಂಡೂ’ ಎಂದೇ ಕೇಳಿಸುತ್ತದೆ.

“ಯಾವಾಗಲೂ ಹೀಗೇ ಫಾದರ್. ಪ್ರಶ್ನೆ ಕೇಳಿದರೆ ಕೋಟು ಬಿಚ್ಚು ಅನ್ನುತ್ತಾಳೆ,” ಎಂದರು ಮಿಸ್.

ಐರೀನ್‌ಗೆ ನಗು ತಡೆಯಲಾಗಲಿಲ್ಲ. ಕೊಂಕಣಿಯಲ್ಲಿ ಉಂಡೊ ಎಂದರೆ ರೊಟ್ಟಿ ಎಂದು ಬಿಡಿಸಿ ಹೇಳಿದಳು. ಪೂಜೆಯಲ್ಲಿ ಇಡದ ಆ ರೊಟ್ಟಿ ಬರೀ ರೊಟ್ಟಿಯೇ ತಾನೆ! ಫಾದರ್ ಅನ್ನೆಟ್‌ಳ ಕೈಹಿಡಿದು, ಬಲಿಪೀಠದ ಹಿಂದೆ ಪ್ರಸಾದವಿಡುವ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಒಳಗಿರುವುದೂ ಉಂಡೊನಾ ಎಂದು ಕೇಳಿದರು.

ಅನ್ನೆಟ್ ಅಲ್ಲವೆಂದು ಜೋರಾಗಿ ತಲೆಯಾಡಿಸಿದಳು. “ಜೆಜು,” ಎಂದಳು.

ಯೇಸುವಿನ ಆ ಹೆಸರನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಈ ಭಾನುವಾರವೇ ಕರೆತನ್ನಿ ಎಂದರು ಫಾದರ್. ನನಗಂತೂ ಎದೆಯ ಮೇಲಿನ ಭಾರ ಇಳಿದು ಕಣ್ಣು ತುಂಬಿ ಬಂತು.

ಐರೀನ್ ಬೆಂಚಿನ ಮೇಲೆ ಕುಸಿದು ಕೂತಳು. “ಎಷ್ಟು ಜನರ ಹತ್ತಿರ ಕೇಳಿದೆ ಅಕ್ಕ,” ಎಂದಳು. “ಅವಳ ಹತ್ತಿರ ಒಂದು ಸಲವೂ ಕೇಳ್ಲಿಲ್ಲ.”