ಯಲ್ಲವ್ವನವರ ಎರಡನೇ ಜೀರುಂಡೆ

ಜೀರುಂಡೆಗಳಲ್ಲಿ ನಮ್ಮ ಕಡೆ ಎಷ್ಟು ಜಾತಿ ಉಂಟು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಮಣಿಪಾಲದಲ್ಲಿ, ಕಟ್ಟುತ್ತಿದ್ದ ಮನೆಯೊಂದರ ಹಿಂದಿನ ಗೇರುಮರದಲ್ಲಿ ಅವು ಕಿವಿ ಕೊರೆಯುವಂತೆ ಕೂಗುತ್ತಿದ್ದವು. ರೆಕಾರ್ಡರ್ ಹಿಡಿದು, "ಒಂದು ಜಾತಿ" ಎಂದು ಗಟ್ಟಿಯಾಗಿ ಹೇಳಿಕೊಂಡೇ ಪಟ್ಟಿಯ ಪುಸ್ತಕದಲ್ಲಿ ಬರೆದೆ.

ಹೊಸ ಗೋಡೆಗೆ ನೀರು ಹೊಡೆಯುತ್ತಿದ್ದ ಕೊಪ್ಪಳದ ಯಲ್ಲವ್ವ, "ಎರಡು ಅದಾವ್ರೀ" ಎಂದರು.

"ಎಂತ? ಎಲ್ಲ ಒಂದೇ ಸ್ವರ ಅಲ್ವಾ?" ಬಲ್ಲವನ ಗತ್ತಿನಲ್ಲಿ ಕೇಳಿದೆ.

"ಒಂದು ನಡುನಡುವ ಉಸಿರು ತಗೋತೈತಿ. ಇನ್ನೊಂದು ಬಿಡಂಗೇ ಇಲ್ಲ. ಬಂದಾಗಿಂದ ಕೇಳಾಕತ್ತೀನಿ."

ಪೈಪು ಕೆಳಗಿಟ್ಟು ಬಂದು ಕಾಂಡದತ್ತ ಬೆರಳು ತೋರಿಸಿದರು. ಒಂದು ದಪ್ಪನೆಯದು, ಕಂದು ಬಣ್ಣ. ಅದರಿಂದ ಗೇಣು ಮೇಲೆ ಇನ್ನೊಂದು, ಸಣ್ಣದು, ಹಸಿರು. ನಾನು ತೆಪ್ಪಗೆ 'ಎರಡು' ಎಂದು ತಿದ್ದಿದೆ. ಕಂಡವರ ಹೆಸರಿನ ಜಾಗದಲ್ಲಿ ಮೊದಲು ಅವರದು, ಕೆಳಗೆ ನನ್ನದು ಬರೆದು ಓದಿ ಹೇಳಿದೆ.

ಯಲ್ಲವ್ವ ಸೆರಗು ಸರಿಮಾಡಿಕೊಂಡು, ಮೇಲಿನ ಮಹಡಿಗೆ ಕೇಳುವಂತೆ ಕೂಗಿದರು: "ಮೇಸ್ತ್ರಿ, ನನ್ನ ಹೆಸರು ಪುಸ್ತಕದಾಗ ಬಂತು!"

ಆಮೇಲೆ ನನ್ನ ಮುಖ ನೋಡಿ ಸಮಾಧಾನ ಹೇಳಿದರು: "ನೀವೂ ದಿನಾ ಬಂದು ಕುಂದರ್ರಿ. ಕಿವಿ ತಾನಾಗೇ ಪಳಗತೈತಿ."