ಬೇಲಿಯಾಚೆ ಟೆಂಟು

ಅತ್ತಿಗೆ, ಬೇಲಿಯಾಚೆ ಟೆಂಟು ಹಾಕೋಣ ಎಂದವನು ನಾನು. ನಿಮ್ಮ ಗಂಡ ಅಲ್ಲ. ಸಭೆಯಲ್ಲಿ ನಾನು ಹೇಳಿದ್ದು ಸುಳ್ಳು. ಹಿಂದಿನ ಸಾಲಿನಲ್ಲಿ ನೀವು ಕೂತಿದ್ದಿರಿ — ನಿಮ್ಮನ್ನು ನೋಡಿಯೂ ಹೇಳಿದೆ.

ಅರಕಲಗೂಡಿನಾಚೆಯ ಆ ಅರಣ್ಯೋದ್ಯಾನಕ್ಕೆ ಶಿವಣ್ಣನೂ ನಾನೂ ಕಾಲೇಜಿನ ಕಾಲದಿಂದ ಹೋಗುತ್ತಿದ್ದದ್ದು ನಿಮಗೆ ಗೊತ್ತು. ಗೇಟಿನಲ್ಲಿ ಗಾಡಿಗೊಂದು ಚೀಟಿ, ಟೆಂಟಿಗೊಂದು ಚೀಟಿ. ಸೋಲಾರ್ ಬೇಲಿಯೊಳಗೆ ಒಂದು ರಾತ್ರಿ. ಎರಡರ ದರವನ್ನೂ ಏರಿಸುವ ಪ್ರಸ್ತಾವ ಬಂದಾಗ ನನಗೆ ರೊಚ್ಚೆದ್ದಿತು. ದುಡ್ಡಿಗಲ್ಲ — ನನಗೊಂದು ಫೋಟೊ ಬೇಕಿತ್ತು. ಬೇಲಿಯ ಹೊರಗೆ ಟೆಂಟು, ಅದರ ಕೆಳಗೆ ‘ಬಡವರಿಗೆ ಇನ್ನು ಇಲ್ಲೇ ಜಾಗ’ ಎಂಬ ಸಾಲು. ಆಕ್ಷೇಪಣೆಯ ಜೊತೆ ಅದನ್ನು ಊರಿಗೆಲ್ಲ ಕಳಿಸಬೇಕು, ಹೋರಾಟಗಾರ ಅನ್ನಿಸಿಕೊಳ್ಳಬೇಕು...

ಶಿವಣ್ಣ ಒಪ್ಪಲಿಲ್ಲ. “ಬ್ಯಾಡ ಕಣ್ಲಾ. ಅಲಸಿನಣ್ಣಿನ ಕಾಲ, ಆನೆ ಇದೇ ದಾರೀಲಿ ಇಳೀತವೆ. ಚೀಟಿ ನಾನೇ ತಕ್ಕತೀನಿ, ಒಳಕ್ಕೆ ನಡಿ.”

“ಅತ್ತಿಗೆ ಸೆರಗು ಹಿಡ್ಕೊಂಡು ಮನೇಲೇ ಮಲಗ್ಬೇಕಿತ್ತು ನೀನು,” ಎಂದೆ.

ಅವನು ನಕ್ಕ. “ಆಯ್ತು ನಡಿಯಲಾ. ನಿನ್ನೊಬ್ಬನ್ನೇ ಬುಟ್ಟು ಓಗಕ್ಕಾಯ್ತದಾ?”

ಅಷ್ಟಕ್ಕೇ ಬಂದ ಅವನು.

ಬೆಳಕು ಹರಿಯುವ ಹೊತ್ತಿಗೆ ಅವನು ಸ್ಟೌ ಹಚ್ಚಿ ಟೀಗೆ ಇಟ್ಟಿದ್ದ. ನಾನು ಫೋಟೊ ತೆಗೆಯುತ್ತಿದ್ದೆ. ಟೆಂಟಿನ ಹಿಂದಿನ ಕಪ್ಪು ಮೊದಲು ಪೊದೆಯೆನಿಸಿತು. ಆಮೇಲೆ ಕಿವಿ ಬೀಸಿತು.

“ಓಡ್ಬ್ಯಾಡ,” ಎಂದ ಶಿವಣ್ಣ, ತೀರ ಮೆಲ್ಲಗೆ. “ಅಂಗೇ ನಿಂತ್ಕೊ. ಅದ್ರ ಪಾಡಿಗೆ ಅದು ಓಯ್ತದೆ.”

ನಾನು ಓಡಿದೆ. ಕಿರುಚುತ್ತ, ಗೇಟಿನ ಕಡೆಗೆ. ಹಿಂದೆ ಪಾತ್ರೆ ಉರುಳಿದ ಸದ್ದು, ಬಟ್ಟೆ ಹರಿದ ಸದ್ದು, ಆಮೇಲೆ — ಬೇಡ. ಈಗಲೂ ಬಸ್ಸಿನ ಬ್ರೇಕು ಕಿರುಗುಟ್ಟಿದರೆ ಸಾಕು, ಸೀಟಿನಿಂದ ಎದ್ದು ನಿಂತುಬಿಡುತ್ತೇನೆ. ನಾನೂ ನಿಂತಿದ್ದರೆ ಆನೆ ಹೋಗಿಬಿಡುತ್ತಿತ್ತೋ ಏನೋ. ಹಾಸನದ ಆಸ್ಪತ್ರೆ ಮುಟ್ಟುವ ಮೊದಲೇ ಶಿವಣ್ಣ ಹೋಗಿಬಿಟ್ಟ.

ದರದ ಸಭೆ ಅದಾದ ಮೇಲೆ ನಡೆಯಿತು. ಹೊರಗೆ ಯಾಕೆ ಮಲಗಿದಿರಿ ಎಂದು ಅಧಿಕಾರಿ ಕೇಳಿದರು. ಎಲ್ಲರ ಕಣ್ಣೂ ನನ್ನ ಮೇಲೆ.

“ಶಿವಣ್ಣಂದೇ ಹಟ ಸಾರ್. ಫೀಸು ಕೊಡಕ್ಕೆ ಒಪ್ಪಲಿಲ್ಲ.”

ಸತ್ತವನು ಎದ್ದು ಬಂದು ಅಲ್ಲವೆನ್ನುವುದಿಲ್ಲ — ಆ ಧೈರ್ಯದಿಂದಲೇ ಹೇಳಿದೆ.

ದರ ಏರಿತು. ಬೇಲಿ ಉದ್ದ ಮಾಡಬೇಕು, ಕಾವಲು ಹೆಚ್ಚಿಸಬೇಕು ಎಂದು ಅವನ ಸಾವನ್ನೇ ಕಾರಣ ಕೊಟ್ಟರು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಪಕ್ಕದಲ್ಲೇ ಕೂತು ಇನ್ನೊಬ್ಬನಿಗೆ ಹೇಳುತ್ತಿದ್ದ: “ಫೀಸ್ ಉಳ್ಸಕ್ಕೋಗಿ ಪ್ರಾಣ ಕಳ್ಕಂಡ್ನಲ್ಲಪ್ಪ, ಜಿಪುಣ.” ನಾನು ಬಾಯಿ ಬಿಡಲಿಲ್ಲ. ವರ್ಷಗಳೇ ಬಿಡಲಿಲ್ಲ.

ಮೊನ್ನೆ ನಿಮ್ಮ ತಮ್ಮ ಸಿಕ್ಕಿದ್ದ. ಚನ್ನರಾಯಪಟ್ಟಣದ ಶಾಲೆಯಲ್ಲಿ ಪುಟ್ಟಿಗೂ ಯಾರೋ ಅದೇ ಮಾತು ಅಂದರಂತೆ. ಮನೆಗೆ ಬಂದವಳು, ನಿಜಾನೇನಮ್ಮ ಎಂದು ಕೇಳಿದಳಂತೆ. ನೀವು ಉತ್ತರ ಕೊಡಲಿಲ್ಲವಂತೆ. ಕೊಡುವುದಾದರೂ ಹೇಗೆ — ಅಲ್ಲಿದ್ದ ಒಬ್ಬನೇ ಸಾಕ್ಷಿ ನಾನು.

ಮರುದಿನವೇ ಆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ನಿಜ ಹೇಳಿದೆ. ಅಧಿಕಾರಿ ಬದಲಾಗಿದ್ದರು. “ಅದೆಲ್ಲ ಮುಗಿದೋದ ಕತೆ ಸಾ, ಈಗ್ಯಾಕೆ ಕೆದಕ್ತೀರ?” ಎಂದ ಗುಮಾಸ್ತ. ಯಾರಿಗೂ ಬೇಡದ ನಿಜವನ್ನು ತೆಗೆದುಕೊಂಡು ಹೋಗಿದ್ದೆ. ಜನರ ಬಾಯಲ್ಲಿ ಅವನು ಜಿಪುಣನಾಗಿಯೇ ಉಳಿಯುತ್ತಾನೆ. ಅದನ್ನು ತಿದ್ದುವುದು ಇನ್ನು ನನ್ನ ಕೈಯಲ್ಲಿಲ್ಲ.

ಪುಟ್ಟಿಗೆ ಮಾತ್ರ... ಭಾನುವಾರ ಬರುತ್ತೇನೆ ಅತ್ತಿಗೆ. ಅವಳೆದುರು ಕೂತು, ನಿಮ್ಮಪ್ಪ ಒಳಗೇ ಇರೋಣ ಅಂದಿದ್ದ, ನಾನು ಬಿಡಲಿಲ್ಲ ಎನ್ನುತ್ತೇನೆ. ಕ್ಷಮಿಸಿ ಎಂದು ಮಾತ್ರ ಕೇಳುವುದಿಲ್ಲ. ಮಗುವಿನ ಮುಂದೆ ಅದನ್ನು ಕೇಳಿದರೆ, ನೀವು ಇಲ್ಲ ಎನ್ನಲಾರಿರಿ.